ಮೈಸೂರಿನಿಂದ ನಾಗರಹೊಳೆಗೆ ಸ್ವಂತ ಕಾರಿನಲ್ಲಿ ಒಂದು ದಿನ: ಗೆಳೆಯರ ಗುಂಪಿಗೆ ಸಮಗ್ರ ಮಾರ್ಗದರ್ಶಿ

ನಾಗರಹೊಳೆ, ಬಂಡೀಪುರಗಳ ಸಫಾರಿ ದಾರಿಗಳಿಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಅಲ್ಲಿ ಅರಣ್ಯ ಇಲಾಖೆಯ ಅಥವಾ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನದಲ್ಲಿಯೇ ಹೋಗಬೇಕು. ಆದರೆ ಈ ಎರಡೂ ಕಾಡುಗಳ ಒಳಗಿನಿಂದಲೇ ಸಾರ್ವಜನಿಕ ರಸ್ತೆಗಳು ಹಾದುಹೋಗುತ್ತವೆ. ಆ ರಸ್ತೆಗಳಲ್ಲಿ ನಮ್ಮದೇ ಕಾರಿನಲ್ಲಿ, ನಮ್ಮದೇ ಗೆಳೆಯರೊಂದಿಗೆ, ನಿಧಾನವಾಗಿ ಸಾಗಿ, ಸಂಜೆ ಮೈಸೂರಿಗೆ ಮರಳುವ ಒಂದು ದಿನವನ್ನು ರೂಪಿಸಿಕೊಳ್ಳಲು ಸಾಧ್ಯವಿದೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲಿಗೇ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಈ ನಿಯಮವನ್ನು ಅಡ್ಡಿಯೆಂದು ಭಾವಿಸಿ ಹೊರಟವರು ದಿನವಿಡೀ ಅದರೊಂದಿಗೆ ಗುದ್ದಾಡುತ್ತಾರೆ. ಅದನ್ನೇ ಯೋಜನೆಯ ತಳಹದಿಯಾಗಿ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ತಿಂಡಿ, ಊಟ, ಶೌಚ, ಫೋಟೊ, ಮೈಮುರಿದು ನಿಲ್ಲುವುದು, ಹೀಗೆ ನಿಂತು ಮಾಡಬೇಕಾದ ಕೆಲಸಗಳೆಲ್ಲವೂ ಕಾಡಿನ ಹೊರಗೆ ನಡೆಯಬೇಕು. ಕಾಡಿನೊಳಗೆ ಉಳಿಯುವುದು ಸಾಗುವುದು ಮತ್ತು ನೋಡುವುದು ಮಾತ್ರ.

ದಾರಿಯ ಆಯ್ಕೆ

ಮೈಸೂರಿನವರಿಗೆ ಎದುರಿಗಿರುವ ಮುಖ್ಯ ದಾರಿಗಳು ಮೂರು. ನಂಜನಗೂಡು, ಗುಂಡ್ಲುಪೇಟೆಯ ಮೂಲಕ ಬಂಡೀಪುರ ದಾಟಿ ಊಟಿಯ ಕಡೆಗೆ ಹೋಗುವುದು ಒಂದು. ಎಚ್.ಡಿ. ಕೋಟೆ, ಅಂತರಸಂತೆಯ ಮೂಲಕ ಬಳ್ಳೆ ದಾಟಿ ಬಾವಲಿಯ ಕಡೆಗೆ ಹೋಗುವುದು ಇನ್ನೊಂದು. ಹುಣಸೂರಿನಿಂದ ವೀರನಹೊಸಹಳ್ಳಿ ಗೇಟಿನ ಮೂಲಕ ನಾಗರಹೊಳೆಯನ್ನು ಹಾದು ಕೊಡಗಿನ ಕುಟ್ಟವನ್ನು ಸೇರುವುದು ಮೂರನೆಯದು.

ಬಂಡೀಪುರದ ರಸ್ತೆ ಅಗಲವಾಗಿದೆ, ನುಣುಪಾಗಿದೆ, ಆ ಕಾರಣಕ್ಕೇ ಅಲ್ಲಿ ಪ್ರವಾಸಿಗರ ವಾಹನಗಳ ಸಾಲು ಮುಗಿಯುವುದೇ ಇಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಿದ ಮೇಲೆ ಪ್ರಾಣಿಗಳಿಗೆ ರಾತ್ರಿಯ ಹೊತ್ತಾದರೂ ನೆಮ್ಮದಿ ದೊರೆಯಿತು. ಹಗಲಿನಲ್ಲಿ ಮಾತ್ರ ಹಿಂದಿನಿಂದ ಹಾರ್ನ್ ಮಾಡುವ ಬಸ್ಸು, ಲಾರಿಗಳ ನಡುವೆ ನಿಧಾನವಾಗಿ ಸಾಗುವುದೇ ಕಷ್ಟ. ಅದರಾಚೆ ನೀಲಗಿರಿ ಜಿಲ್ಲೆಗೆ ಕಾಲಿಡಬೇಕಾದರೆ 2024ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಇ-ಪಾಸ್ ವ್ಯವಸ್ಥೆಯ ಕಡೆಗೂ ಗಮನ ಕೊಡಬೇಕಾಗುತ್ತದೆ.

ನನ್ನ ಆಯ್ಕೆ ಯಾವಾಗಲೂ ಮೂರನೆಯ ದಾರಿ. ರಸ್ತೆ ಕಿರಿದು, ವಾಹನಗಳು ಕಡಿಮೆ, ಎರಡೂ ಬದಿಯ ಮರಗಳು ಹತ್ತಿರ. ಹೋದ ದಾರಿಯಲ್ಲೇ ಮರಳಬೇಕೆಂದಿಲ್ಲ. ಕುಟ್ಟದಿಂದ ಶ್ರೀಮಂಗಲ, ಪೊನ್ನಂಪೇಟೆ, ಗೋಣಿಕೊಪ್ಪಲು ದಾಟಿ ತಿತಿಮತಿ, ಮತ್ತಿಗೋಡು, ಆನೆಚೌಕೂರು ಮಾರ್ಗವಾಗಿ ಮತ್ತೆ ಹುಣಸೂರು ಸೇರಿದರೆ ಒಂದೇ ದಿನದಲ್ಲಿ ಒಂದೇ ಕಾಡನ್ನು ಎರಡು ಬೇರೆ ಬೇರೆ ಕಡೆ ಹಾದಂತಾಗುತ್ತದೆ. ಇಡೀ ಸುತ್ತು ಇನ್ನೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಮೈಸೂರಿನವರಿಗೆ ಈ ದಾರಿಯ ಮೇಲೆ ಇನ್ನೊಂದು ಮಮತೆಯೂ ಇರಬೇಕು, ಏಕೆಂದರೆ ದಸರೆಯ ಗಜಪಯಣ ಹೊರಡುವುದು ಇದೇ ವೀರನಹೊಸಹಳ್ಳಿಯಿಂದ.

1955ರಲ್ಲಿ ವನ್ಯಜೀವಿ ಧಾಮವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದ ಈ ಕಾಡು ಅದಕ್ಕೂ ಮೊದಲು ಮೈಸೂರು ಅರಸರ ಬೇಟೆಯ ತಾಣಗಳಲ್ಲಿ ಒಂದಾಗಿತ್ತು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಅಂದಾಜಿಸಲಾಯಿತು. ಅವುಗಳಲ್ಲಿ 141 ನಾಗರಹೊಳೆಯವು. ಈ ಸಂಖ್ಯೆಯನ್ನು ಹೇಳುವುದು ಹುಲಿ ಕಂಡೇ ಕಾಣುತ್ತದೆ ಎಂಬ ಆಸೆ ಹುಟ್ಟಿಸುವುದಕ್ಕಲ್ಲ. ಅಷ್ಟು ಹುಲಿಗಳು ಬದುಕಲು ಬೇಕಾಗುವಷ್ಟು ಜಿಂಕೆ, ಕಡವೆ, ಕಾಟಿಗಳು (ಕಾಡೆಮ್ಮೆಗಳು) ಇಲ್ಲಿವೆ, ಅವು ರಸ್ತೆಯ ಬದಿಯಲ್ಲಿಯೇ ಕಾಣುತ್ತವೆ ಎಂಬುದನ್ನು ತಿಳಿಸುವುದಕ್ಕೆ.

ಯಾವ ತಿಂಗಳು, ಯಾವ ವಾರ

ಫೆಬ್ರುವರಿಯ ಕೊನೆಯಿಂದ ಮೇ ತಿಂಗಳವರೆಗೆ ಎಲೆ ಉದುರಿ ಕಾಡಿನೊಳಗೆ ದೃಷ್ಟಿ ದೂರದವರೆಗೆ ಹಾಯುತ್ತದೆ. ನೀರು ಕೆರೆಗಳಿಗಷ್ಟೇ ಸೀಮಿತವಾಗುವುದರಿಂದ ಪ್ರಾಣಿಗಳು ಅಲ್ಲಿಗೇ ಬಂದು ಸೇರುತ್ತವೆ. ಆದರೆ ಅದು ಕಾಡ್ಗಿಚ್ಚಿನ ಕಾಲವೂ ಹೌದು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಮ್ಮ ಕಡೆಯವರು ಮರೆತಿರಲಾರರು. ಬೆಂಕಿಯ ಅಪಾಯ ಹೆಚ್ಚಾದಾಗ ಇಲಾಖೆಯು ಪ್ರವೇಶವನ್ನು ಬಿಗಿಗೊಳಿಸುವುದುಂಟು, ಮತ್ತು ಹಾಗೆ ಮಾಡಬೇಕಾದದ್ದೂ ಸರಿ. ಮೊದಲ ಮಳೆ ಬಿದ್ದ ಮೇಲೆ, ಅಂದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ, ಸುಟ್ಟಂತಿದ್ದ ನೆಲದಲ್ಲಿ ಹಸಿರು ಗರಿಕೆ ಏಳುವ ಹತ್ತು ಹದಿನೈದು ದಿನಗಳೇ ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಕಾಲ. ಎಲೆ ಇನ್ನೂ ದಟ್ಟವಾಗಿರುವುದಿಲ್ಲ, ಆದರೂ ಮೇಯಲು ಚಿಗುರು ಇರುತ್ತದೆ. ಜಿಂಕೆಗಳ ಹಿಂಡುಗಳು ಬೆಳಗಿನ ಹೊತ್ತು ರಸ್ತೆಯ ಅಂಚಿನಲ್ಲಿಯೇ ಮೇಯುತ್ತಿರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡು ತುಂಬಿಕೊಂಡು ಪ್ರಾಣಿಗಳು ಚದುರುತ್ತವೆ. ಮಳೆಯ ಕಾಡನ್ನು ನೋಡುವ ಆಸೆಯಿದ್ದವರು ಆಗ ಹೋಗಬಹುದು, ಪ್ರಾಣಿಗಳಿಗಾಗಿ ಹೋಗುವವರು ಕಾಯುವುದು ಒಳ್ಳೆಯದು. ನವೆಂಬರ್‌ನಿಂದ ಜನವರಿಯವರೆಗೆ ಬೆಳಗಿನ ಮಂಜು ದಟ್ಟವಾಗಿರುವುದರಿಂದ ಗೇಟು ತೆರೆದ ಮೊದಲ ಅರ್ಧ ಗಂಟೆ ಹತ್ತಾರು ಮೀಟರ್ ಆಚೆಗೆ ಏನೂ ಕಾಣದಿರಬಹುದು.

ವಾರದ ದಿನ ಸಿಕ್ಕರೆ ವಾರದ ದಿನವನ್ನೇ ಆರಿಸಿಕೊಳ್ಳಿ. ಸಾಲು ರಜೆಗಳ ದಿನ ಈ ಯೋಜನೆಯನ್ನು ಕೈಬಿಡುವುದೇ ಮೇಲು.

ಹೊರಡುವ ಮುನ್ನ

ಹಿಂದಿನ ದಿನ ಇಲಾಖೆಯಲ್ಲಿ ವಿಚಾರಿಸುವುದು ಮೊದಲ ಕೆಲಸ. ರಸ್ತೆ ತೆರೆದಿದೆಯೇ, ಸಫಾರಿ ನಡೆಯುತ್ತಿದೆಯೇ ಎಂಬ ಎರಡೂ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಯಿಂದ ರೈತರು ಪ್ರಾಣ ಕಳೆದುಕೊಂಡ ಹಿನ್ನೆಲೆಯಲ್ಲಿ 2025ರ ನವೆಂಬರ್‌ನಲ್ಲಿ ಸರ್ಕಾರವು ನಾಗರಹೊಳೆ ಮತ್ತು ಬಂಡೀಪುರ ಎರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಿತ್ತು. ಸಫಾರಿ ಸಿಬ್ಬಂದಿಯನ್ನು ಕೂಡ ಊರುಗಳ ರಕ್ಷಣೆಗೆ ಬಳಸಿಕೊಳ್ಳಬೇಕಾದ ಪರಿಸ್ಥಿತಿ ಬಂದಾಗ ನಮ್ಮ ವಿಹಾರ ಎರಡನೆಯ ಮಾತಾಗುತ್ತದೆ. ಸಫಾರಿ ಸಿಕ್ಕರೆ ಕುಟ್ಟದ ಕಡೆಯ ನಾಣಚ್ಚಿ ಗೇಟಿನದನ್ನು ಇದೇ ದಿನದೊಳಗೆ ಸೇರಿಸಿಕೊಳ್ಳಬಹುದು. ಸಿಗದಿದ್ದರೂ ಕೆಡದಂತಹ ಯೋಜನೆಯೇ ಈ ಸುತ್ತು.

ಒಂದು ಕಾರಿಗೆ ನಾಲ್ವರು ಸಾಕು. ಐದನೆಯವರು ಹಿಂದಿನ ಸೀಟಿನ ನಡುವೆ ಕುಳಿತು ಏನನ್ನೂ ಕಾಣದೆ ಬೇಸರಪಡುತ್ತಾರೆ, ಅವರಿಗೆ ತೋರಿಸಲು ಹೋಗಿ ಉಳಿದವರು ಮಾತು ಹೆಚ್ಚಿಸುತ್ತಾರೆ. ಎಂಟು ಜನರಿದ್ದರೆ ಎರಡು ಕಾರು ಮಾಡಿ, ಆದರೆ ಮೂರನೆಯದು ಬೇಡ. ಬೈಕಿನಲ್ಲಿ ಬರುವ ಗೆಳೆಯರಿದ್ದರೆ ಅವರನ್ನೂ ಕಾರಿಗೆ ಹತ್ತಿಸಿಕೊಳ್ಳಿ, ನಾಗರಹೊಳೆಯೊಳಗಿನ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ.

ಗಾಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಣ್ಣ ಕಾರು ಸಾಕಾಗುತ್ತದೆ, ಎತ್ತರದ ಗಾಡಿಯಾದರೆ ಲಂಟಾನದ ಪೊದೆಗಳ ಮೇಲಿಂದ ಸ್ವಲ್ಪ ಹೆಚ್ಚು ಕಾಣುತ್ತದೆ. ಆದರೆ ಕಾಡಿನ ನಡುವೆ ಟಯರ್ ಪಂಕ್ಚರ್ ಆದರೆ ಇಳಿಯದೆ ಗತಿಯಿಲ್ಲವಾದ್ದರಿಂದ ನಾಲ್ಕೂ ಟಯರುಗಳ ಜೊತೆಗೆ ಸ್ಟೆಪ್ನಿಯ ಗಾಳಿಯನ್ನೂ ಹಿಂದಿನ ದಿನವೇ ನೋಡಿಸಿ, ಜಾಕಿ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಎತ್ತಿ ನೋಡಿ, ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿಕೊಂಡೇ ಹೊರಡಬೇಕು. ಕಿಟಕಿಯ ಗಾಜುಗಳನ್ನು ಒಳಗೂ ಹೊರಗೂ ಒರೆಸಿಕೊಳ್ಳುವುದು ಸಣ್ಣ ಕೆಲಸವೆನಿಸಿದರೂ, ಎದುರು ಬಿಸಿಲಿನಲ್ಲಿ ಮಸುಕು ಗಾಜಿನ ಮೂಲಕ ನೋಡಿ ಬಂದವರಿಗೆ ಅದರ ಬೆಲೆ ಗೊತ್ತಿರುತ್ತದೆ. ಕಣ್ಣು ಕುಕ್ಕುವ ಹೆಚ್ಚುವರಿ ದೀಪಗಳು, ಗದ್ದಲದ ಸೈಲೆನ್ಸರ್ ಇರುವ ಗಾಡಿಯನ್ನು ತರಬೇಡಿ.

ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಚಪಾತಿಯಂತಹವು ಒಳ್ಳೆಯದು. ಅವನ್ನು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಗಳಲ್ಲಿ ಡಿಕ್ಕಿಯೊಳಗೆ ಇಡಬೇಕು. ಬಾಳೆಹಣ್ಣು, ಹಲಸಿನ ಹಣ್ಣು, ಕಬ್ಬು ಬೇಡವೇ ಬೇಡ. ಆನೆಯ ಕಣ್ಣಿನ ಶಕ್ತಿ ಕಡಿಮೆ, ಮೂಗಿನ ಶಕ್ತಿ ಅಪಾರ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಆನೆಗಳು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ನಿಲ್ಲಿಸಿಕೊಳ್ಳುವುದನ್ನು ಎಷ್ಟೋ ಜನ ನೋಡಿದ್ದಾರೆ, ಅದು ಮನುಷ್ಯರೇ ಕಲಿಸಿದ ಚಾಳಿ. ನೀರನ್ನು ಮನೆಯಿಂದಲೇ ಸ್ಟೀಲ್ ಬಾಟಲಿಗಳಲ್ಲಿ ತನ್ನಿ, ಪ್ಲಾಸ್ಟಿಕ್ ಪೊಟ್ಟಣಗಳ ತಿಂಡಿಯನ್ನು ಬಿಟ್ಟುಬನ್ನಿ. ಮದ್ಯ, ಪಟಾಕಿ, ಡ್ರೋನ್, ಜೋರು ಸ್ಪೀಕರ್ ಇವುಗಳಲ್ಲಿ ಯಾವುದಾದರೂ ಇಲ್ಲದೆ ಬರಲಾರೆ ಎನ್ನುವ ಗೆಳೆಯರನ್ನು ಬೇರೊಂದು ಪ್ರವಾಸಕ್ಕೆ ಕರೆದುಕೊಂಡು ಹೋಗಿ.

8x42 ಅಥವಾ 8x40 ಅಳತೆಯ ಒಂದು ದುರ್ಬೀನು ಇಡೀ ಗುಂಪಿಗೆ ಸಾಕು. ಚಲಿಸುವ ಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಹಿಗ್ಗಿಸುವ ದುರ್ಬೀನಿನಲ್ಲಿ ಚಿತ್ರ ನಡುಗುತ್ತದೆ. ಕಾಡಿನೊಳಗೆ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಯಾವ ಗೇಟಿನಿಂದ ಎಷ್ಟು ಹೊತ್ತಿಗೆ ಒಳಗೆ ಹೋಗಿ ಎಲ್ಲಿ ಹೊರಬರುತ್ತೇವೆ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೊರಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಮತ್ತು ತುರ್ತು ಸಂಖ್ಯೆ 112 ಎರಡೂ ಎಲ್ಲರ ಫೋನಿನಲ್ಲಿ ಇರಲಿ.

ನಸುಕಿನಿಂದ ಗೇಟಿನವರೆಗೆ

ಗೇಟು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ಮೊದಲ ನಾಲ್ಕೈದು ವಾಹನಗಳಲ್ಲಿ ನಿಮ್ಮದೂ ಒಂದಾಗಿರಬೇಕಾದರೆ ಮೈಸೂರನ್ನು ನಾಲ್ಕೂವರೆಯ ಒಳಗೆ ಬಿಡಬೇಕು. ಇಲವಾಲ, ಬಿಳಿಕೆರೆ ದಾಟಿ ಹುಣಸೂರಿಗೆ 45 ಕಿಲೋಮೀಟರ್. ಮಂಡ್ಯದಿಂದ ಬರುವ ಗೆಳೆಯರು ಇನ್ನೊಂದು ಗಂಟೆ ಮುಂಚೆ ಎದ್ದು ಹೊರಡಬೇಕಾಗುತ್ತದೆ, ಹಿಂದಿನ ರಾತ್ರಿಯೇ ಮೈಸೂರಿಗೆ ಬಂದು ಉಳಿದರೆ ಅವರಿಗೂ ಸುಖ, ಕಾಯುವವರಿಗೂ ಸುಖ. ಗಾಡಿ ಓಡಿಸುವವರು ಹಿಂದಿನ ರಾತ್ರಿ ಆರು ಗಂಟೆಯಾದರೂ ನಿದ್ರೆ ಮಾಡಿರಬೇಕು ಎಂಬುದು ನಾನು ಯಾವ ಕಾರಣಕ್ಕೂ ಸಡಿಲಿಸದ ನಿಯಮ.

ಹುಣಸೂರಿನಲ್ಲಿ ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಕಾಫಿ ಕುಡಿದು, ಶೌಚ ಮುಗಿಸಿ. ಇದು ಕಾಡಿಗೆ ಮುಂಚಿನ ಕೊನೆಯ ದೊಡ್ಡ ಊರು. ಇಲ್ಲಿ ನಾಚಿಕೆಯಿಂದಲೋ ಆತುರದಿಂದಲೋ ಬಿಟ್ಟ ಕೆಲಸ ಕಾಡಿನ ನಡುವೆ ಎಲ್ಲರಿಗೂ ಸಂಕಟ ತರುತ್ತದೆ. ಊರು ದಾಟಿದ ಮೇಲೆ ಹೊಗೆಸೊಪ್ಪಿನ ಹೊಲಗಳೂ, ಸೊಪ್ಪು ಹದಮಾಡುವ ಎತ್ತರದ ಬ್ಯಾರನ್‌ಗಳೂ ಕಾಣುತ್ತವೆ. ಈ ಹೊಲಗಳ ಅಂಚಿನಲ್ಲಿ ಸೌರಬೇಲಿ ಮತ್ತು ಆನೆ ಕಂದಕಗಳನ್ನು ಗಮನಿಸಿ. ಬೆಳೆ ಕಾಯುತ್ತ ರಾತ್ರಿ ಕಳೆಯುವ ರೈತರ ಪಾಲಿಗೆ ಆನೆ ಎಂಬುದು ಫೋಟೊ ತೆಗೆಯುವ ಪ್ರಾಣಿಯಲ್ಲ. ಅದನ್ನು ನೆನಪಿನಲ್ಲಿಟ್ಟುಕೊಂಡು ಒಳಗೆ ಹೋದರೆ ನಮ್ಮ ನಡವಳಿಕೆ ತಾನಾಗಿ ತಗ್ಗುತ್ತದೆ.

ವೀರನಹೊಸಹಳ್ಳಿ ಗೇಟಿನಲ್ಲಿ ಸಿಬ್ಬಂದಿ ವಾಹನದ ಸಂಖ್ಯೆ ಮತ್ತು ಸಮಯವನ್ನು ದಾಖಲಿಸಿಕೊಳ್ಳುತ್ತಾರೆ. ಒಳಹೋದ ಹೊತ್ತಿಗೂ ಆಚೆ ಬದಿಯಲ್ಲಿ ಹೊರಬಂದ ಹೊತ್ತಿಗೂ ತಾಳೆ ನೋಡುವುದರಿಂದ, ನಡುವೆ ಎಲ್ಲೋ ನಿಂತು ಕಾಲ ಕಳೆದವರು ದಂಡಕ್ಕೆ ಗುರಿಯಾಗುತ್ತಾರೆ. ಸಿಬ್ಬಂದಿಯ ಮುಂದೆ ಗಾಡಿಯ ಡಿಕ್ಕಿ ತೆರೆದು ತೋರಿಸಿ, ನಮಸ್ಕಾರ ಹೇಳಿ, ಹಿಂದಿನ ದಿನ ಆನೆಗಳು ರಸ್ತೆಯ ಯಾವ ಭಾಗದಲ್ಲಿದ್ದವು ಎಂದು ಕೇಳಿ. ಹುಲಿ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ, ಆನೆಯ ಬಗ್ಗೆ ಕೇಳುವವರು ಕಡಿಮೆ, ಆದರೆ ನಿಮ್ಮ ಸುರಕ್ಷತೆಗೆ ಬೇಕಾದ ಉತ್ತರ ಅದೇ.

ಕಾಡಿನೊಳಗೆ

ಗೇಟಿನಿಂದ ಗೇಟಿಗೆ ಮೂವತ್ತು ಕಿಲೋಮೀಟರ್‌ನ ಆಸುಪಾಸಿನ ದಾರಿ. ವೇಗ ಗಂಟೆಗೆ 30 ಕಿಲೋಮೀಟರ್ ಮೀರದಿರಲಿ, ಖಾಲಿ ರಸ್ತೆಯಲ್ಲಿ 20ರಿಂದ 25ರ ನಡುವೆ ಸಾಗಿದರೆ ನೋಡಲು ಸರಿಹೋಗುತ್ತದೆ, ದಾಖಲಾದ ಸಮಯಕ್ಕೂ ಧಕ್ಕೆಯಾಗುವುದಿಲ್ಲ. ಎಸಿ ಮತ್ತು ಹಾಡು ಎರಡನ್ನೂ ನಿಲ್ಲಿಸಿ, ಗಾಜನ್ನು ಎರಡು ಬೆರಳಿನಷ್ಟು ಮಾತ್ರ ಇಳಿಸಿ. ಕಾಡನ್ನು ಕೇಳಿಸಿಕೊಳ್ಳಲು ಅಷ್ಟು ಸಾಕು. ಸನ್‌ರೂಫ್ ಮುಚ್ಚಿರಲಿ.

ಕೆಲಸ ಹಂಚಿಕೊಳ್ಳುವುದು ಇಲ್ಲಿಂದ ಮುಖ್ಯವಾಗುತ್ತದೆ. ಗಾಡಿ ಓಡಿಸುವವರು ರಸ್ತೆಯನ್ನು ಮಾತ್ರ ನೋಡಬೇಕು, ಅವರಿಗೆ ಪ್ರಾಣಿ ತೋರಿಸುವ ಉಪಕಾರವನ್ನು ಯಾರೂ ಮಾಡಬಾರದು. ಪಕ್ಕದಲ್ಲಿ ಕುಳಿತವರು ಮುಂದಿನ ತಿರುವು ಮತ್ತು ರಸ್ತೆಯ ಎರಡೂ ಅಂಚುಗಳನ್ನು ಗಮನಿಸುತ್ತ, ಏನಾದರೂ ಕಂಡ ಕೂಡಲೇ 'ಎಡಕ್ಕೆ', 'ಬಲಕ್ಕೆ' ಎಂದು ಮೆಲ್ಲಗೆ ಹೇಳಬೇಕು. ಹಿಂದಿನ ಇಬ್ಬರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬದಿ. ಎಲ್ಲರೂ ಒಂದೇ ಬದಿಗೆ ಬಾಗಿ ನೋಡಿದಾಗಲೆಲ್ಲ ಇನ್ನೊಂದು ಬದಿಯಲ್ಲಿ ಏನೋ ದಾಟಿಹೋಗಿರುತ್ತದೆ ಎಂಬುದು ನಮ್ಮ ಗುಂಪು ಬಹಳ ತಡವಾಗಿ ಕಲಿತ ಪಾಠ. ಓಡಿಸುವವರಿಗೂ ನೋಡುವ ಆಸೆ ಇರುತ್ತದೆ, ಆದ್ದರಿಂದ ಬೆಳಗಿನ ಕಾಡಿಗೆ ಒಬ್ಬರು, ಸಂಜೆಯ ಕಾಡಿಗೆ ಇನ್ನೊಬ್ಬರು ಸ್ಟಿಯರಿಂಗ್ ಹಿಡಿಯಲಿ.

ಎಲ್ಲಿ ನೋಡಬೇಕು ಎಂಬುದಕ್ಕೂ ಒಂದು ಕ್ರಮವಿದೆ. ಇಲಾಖೆಯವರು ರಸ್ತೆಯ ಪಕ್ಕದ ಪೊದೆಗಳನ್ನು ಸವರಿ ತೆರವು ಮಾಡಿರುವ ಪಟ್ಟಿ ಮುಗಿದು ಕಾಡು ಶುರುವಾಗುವ ಗೆರೆಯ ಮೇಲೆ ಕಣ್ಣಿಡಿ. ಪ್ರಾಣಿಗಳು ಬಯಲಿಗೆ ಬರುವ ಮುನ್ನ ಅಲ್ಲಿ ನಿಂತು ಒಮ್ಮೆ ನೋಡುತ್ತವೆ. ಸಾಲುಸಾಲಾಗಿ, ಒಂದೇ ದಪ್ಪದ ತೇಗದ ಮರಗಳು ಕಂಡರೆ ಅದು ಹಿಂದೆ ನೆಟ್ಟು ಬೆಳೆಸಿದ ತೋಪು ಎಂದು ತಿಳಿಯಬಹುದು. ಮತ್ತಿ, ಹೊನ್ನೆ, ನಂದಿ, ಬೀಟೆಗಳು ಬೆರೆತು ನಿಂತ ಕಡೆ ಹೆಚ್ಚಿನದನ್ನು ನಿರೀಕ್ಷಿಸಬಹುದು. ಮರಗಳ ನಡುವೆ ಹಠಾತ್ತನೆ ತೆರೆದುಕೊಳ್ಳುವ, ಹುಲ್ಲು ತುಂಬಿದ ಜೌಗು ತಗ್ಗುಗಳಿಗೆ ಇಲ್ಲಿಯವರು ಹಡ್ಲು ಎನ್ನುತ್ತಾರೆ. ಸುತ್ತಲ ನೆಲ ಒಣಗಿದಾಗಲೂ ಹಡ್ಲಿನಲ್ಲಿ ತೇವ ಉಳಿದು ಹುಲ್ಲು ಹಸಿರಾಗಿರುವುದರಿಂದ ಕಾಟಿ, ಆನೆ, ಜಿಂಕೆ ಮೂರೂ ಅಲ್ಲಿಗೆ ಬರುತ್ತವೆ. ಹಡ್ಲು ಸಮೀಪಿಸುವಾಗ ವೇಗವನ್ನು ಇನ್ನೂ ತಗ್ಗಿಸಿ.

ರಸ್ತೆಯೂ ಓದಲು ಬರುವ ಪುಸ್ತಕ. ಆನೆಯ ಲದ್ದಿ ಹಸಿಯಾಗಿ ಹಬೆಯಾಡುತ್ತಿದ್ದರೆ ಹಿಂಡು ಹತ್ತಿರದಲ್ಲಿಯೇ ಇದೆ. ಬಿದಿರು ಮುರಿಯುವ ಸದ್ದು ಕೇಳಿದರೂ ಅದೇ ಅರ್ಥ. ಡಾಂಬರಿನ ಮೇಲೆ ಹಸಿ ಮಣ್ಣಿನ ದೊಡ್ಡ ಗುರುತುಗಳಿದ್ದರೆ ಮುಂದಿನ ತಿರುವನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು.

ಇನ್ನು ಸದ್ದುಗಳು. ಹುಲಿ ಅಥವಾ ಚಿರತೆ ಓಡಾಡುವಾಗ ಉಳಿದ ಪ್ರಾಣಿಗಳು ಕೂಗಿ ತಿಳಿಸುತ್ತವೆ. ಜಿಂಕೆಯ ಕೂಗು ಚೂಪಾದ ಸಿಳ್ಳಿನಂತಿರುತ್ತದೆ, ಆದರೆ ಜಿಂಕೆ ಸಣ್ಣ ಗಾಬರಿಗೂ ಕೂಗುತ್ತದೆ. ಮರದ ತುದಿಯಲ್ಲಿ ಕುಳಿತ ಮುಸುವ ಕೆಮ್ಮಿದಂತೆ ಖಕ್ ಖಕ್ ಎಂದು ಬಿಡದೆ ಕೂಗಿದರೆ ಅದು ಮೇಲಿನಿಂದ ಏನನ್ನೋ ಕಂಡಿರುವ ಸಾಧ್ಯತೆ ಹೆಚ್ಚು. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದದ್ದು ಕಡವೆಯ ಕೂಗು. ತಗಡಿಗೆ ಒಮ್ಮೆಲೇ ಬಡಿದಂತಹ ಆ ದೊಡ್ಡ ಸದ್ದು ಸುಮ್ಮನೆ ಹೊರಡುವುದಿಲ್ಲ. ಇಂತಹ ಕೂಗು ಕೇಳಿದಾಗ ಗಾಡಿ ನಿಲ್ಲಿಸಿ ಕಾಯುವ ಆಸೆ ಬಲವಾಗಿ ಬರುತ್ತದೆ. ನಿಲ್ಲಬೇಡಿ. ಅದೇ ನಿಧಾನ ಗತಿಯಲ್ಲಿ ಸಾಗುತ್ತ ಕೂಗು ಬಂದ ಬದಿಯವರು ನೋಡಲಿ. ಕಂಡರೆ ಕಂಡಿತು.

ಒಮ್ಮೆ ಏಪ್ರಿಲ್ ತಿಂಗಳಲ್ಲಿ ಹೀಗೆಯೇ ಸಾಗುತ್ತಿದ್ದಾಗ ಸೀಳುನಾಯಿಗಳ ಗುಂಪೊಂದು ನಮ್ಮ ಮುಂದೆ ರಸ್ತೆ ದಾಟಿತು. ಕೆಂಗಂದು ಮೈ, ಕಪ್ಪು ಬಾಲದ ಏಳು ನಾಯಿಗಳು, ಒಂದರ ಹಿಂದೆ ಒಂದು, ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ ಹೋದವು. ಇಪ್ಪತ್ತು ಸೆಕೆಂಡ್ ಇರಬಹುದು. ಯಾರ ಕೈಯಲ್ಲಿಯೂ ಕ್ಯಾಮೆರಾ ಇರಲಿಲ್ಲ. ಅಂದು ಜೊತೆಗಿದ್ದ ನಾಲ್ವರಿಗೂ ಅವುಗಳ ನಡಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದಲೇ ಕ್ಯಾಮೆರಾವನ್ನು ಒಬ್ಬರಿಗೆ ಒಪ್ಪಿಸಿ, ಉಳಿದವರು ಕಣ್ಣಿನಿಂದ ನೋಡಿ ಎಂದು ಹೇಳುತ್ತೇನೆ.

ದಾರಿಯುದ್ದಕ್ಕೂ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳು ಸಿಗುತ್ತವೆ. ಅವು ಜನರ ಮನೆಗಳು. ಅವರ ಮಕ್ಕಳ ಫೋಟೊ ತೆಗೆಯುವುದಾಗಲಿ, ಕಿಟಕಿಯಿಂದ ತಿಂಡಿ ಎಸೆಯುವುದಾಗಲಿ ಸಲ್ಲದು. ಕೋತಿಗಳಿಗೂ ಏನನ್ನೂ ಎಸೆಯಬಾರದು, ರಸ್ತೆಗೆ ಬಂದು ಕಾಯುವ ಅಭ್ಯಾಸ ಬೆಳೆಸಿಕೊಂಡ ಕೋತಿ ಕೊನೆಗೆ ಗಾಡಿಯ ಚಕ್ರಕ್ಕೆ ಸಿಗುತ್ತದೆ.

ಆನೆ ಎದುರಾದಾಗ

ಇಡೀ ದಿನದಲ್ಲಿ ನಿಜವಾದ ಅಪಾಯವೆಂಬುದು ಇದ್ದರೆ ಅದು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಈ ಸುತ್ತಿನಲ್ಲಿ ಆನೆ ಕಾಣದಿದ್ದರೆ ಅದೇ ಅಪರೂಪ.

ಆನೆ ರಸ್ತೆಯ ಪಕ್ಕದಲ್ಲಿ, ಒಳಗೆ ಮೇಯುತ್ತಿದ್ದರೆ, ಕಿವಿ ನಿಧಾನವಾಗಿ ಬೀಸುತ್ತಿದ್ದರೆ, ಬಾಲ ಆಡುತ್ತಿದ್ದರೆ ಅದು ನೆಮ್ಮದಿಯಲ್ಲಿದೆ. ಅದೇ ವೇಗದಲ್ಲಿ, ಹಾರ್ನ್ ಮಾಡದೆ, ಎಂಜಿನ್ನನ್ನು ಜೋರು ಮಾಡದೆ ದಾಟಿಹೋಗಿ. ಬೀಸುತ್ತಿದ್ದ ಕಿವಿ ಥಟ್ಟನೆ ನಿಂತರೆ, ಸೊಂಡಿಲು ನಿಮ್ಮ ಕಡೆ ಎದ್ದರೆ, ಅದು ನಿಮ್ಮನ್ನು ಗುರುತಿಸಿ ಲೆಕ್ಕ ಹಾಕುತ್ತಿದೆ ಎಂದರ್ಥ. ಮುಂಗಾಲಿನಿಂದ ಮಣ್ಣು ಒದೆಯುವುದು, ತಲೆ ಎತ್ತಿ ಕಿವಿ ಅಗಲಿಸಿ ನಿಲ್ಲುವುದು, ಬಾಲ ಸೆಟೆಸುವುದು ಇವೆಲ್ಲ ದೂರ ಹೋಗು ಎಂಬ ಎಚ್ಚರಿಕೆಗಳು. ಆ ಎಚ್ಚರಿಕೆಗೆ ಬೆಲೆ ಕೊಟ್ಟವರನ್ನು ಆನೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ.

ಆನೆ ರಸ್ತೆಯ ಮೇಲೆಯೇ ನಿಂತಿದ್ದರೆ ಆಗ ಮಾತ್ರ ನಿಲ್ಲುವುದು ನಿಯಮಕ್ಕೂ ವಿವೇಕಕ್ಕೂ ಒಪ್ಪುತ್ತದೆ. ಕನಿಷ್ಠ ನೂರು ಮೀಟರ್ ಹಿಂದೆ ನಿಲ್ಲಿಸಿ. ಎಂಜಿನ್ ಆಫ್ ಮಾಡದೆ, ರಿವರ್ಸ್ ಹೋಗಲು ಹಿಂದೆ ಜಾಗವಿದೆಯೇ ಎಂದು ನೋಡಿಕೊಳ್ಳಿ. ಹಿಂದೆ ಬರುವ ಗಾಡಿಗಳಿಗೆ ಹಜಾರ್ಡ್ ಲೈಟ್ ಹಾಕಿ ತಿಳಿಸಿ, ಮುಂದಿನ ದೀಪ ಆನೆಯ ಕಣ್ಣಿಗೆ ಬೀಳುವಂತಿದ್ದರೆ ಡಿಮ್ ಮಾಡಿ. ಹಿಂಡು ದಾಟುತ್ತಿದ್ದರೆ ಕೊನೆಯದೆಂದು ನೀವು ಭಾವಿಸಿದ ಆನೆಯ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಎಂದು ತಿಳಿದು ಕಾಯಬೇಕು. ಮರಿ ಒಂದು ಬದಿಯಲ್ಲಿ, ತಾಯಿ ಇನ್ನೊಂದು ಬದಿಯಲ್ಲಿ ಇರುವಾಗ ನಡುವೆ ನುಗ್ಗಿದ ಗಾಡಿಗೆ ಯಾವ ರಕ್ಷಣೆಯೂ ಇಲ್ಲ.

ಒಂಟಿ ಸಲಗದ ಕಣ್ಣು ಮತ್ತು ಕಿವಿಯ ನಡುವೆ ಎಣ್ಣೆ ಇಳಿದಂತೆ ಕಪ್ಪು ಗೆರೆ ಕಂಡರೆ ಅದು ಮದದಲ್ಲಿದೆ. ಆಗ ಎಷ್ಟು ದೂರವೂ ಹೆಚ್ಚೆನಿಸದು. ನಿಧಾನವಾಗಿ, ಅಬ್ಬರಿಸದೆ ಹಿಂದಕ್ಕೆ ಹೋಗಿ ತಿರುವಿನ ಮರೆಯಾಗಿ. ಆನೆ ನಿಮ್ಮ ಕಡೆ ನಡೆಯತೊಡಗಿದರೂ ಇಳಿದು ಓಡುವ ಯೋಚನೆ ಯಾರಿಗೂ ಬರಬಾರದು, ಓಟದಲ್ಲಿ ಮನುಷ್ಯ ಆನೆಗೆ ಸಮನಲ್ಲ.

2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಗಾಡಿಯಿಂದ ಇಳಿದು ಆನೆಯ ಜೊತೆ ಸೆಲ್ಫಿ ತೆಗೆಯಲು ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಜೀವ ಉಳಿಯಿತು, ಇಲಾಖೆ 25,000 ರೂಪಾಯಿ ದಂಡ ವಿಧಿಸಿತು. ನಮ್ಮ ಗುಂಪಿನಲ್ಲಿಯೂ ಒಮ್ಮೆ ತಪ್ಪಾಗಿದೆ. ಹಿಂದಿನ ಸೀಟಿನ ಗೆಳೆಯನೊಬ್ಬ ಕೆರೆಯ ಬಳಿ ನಿಂತ ಆನೆಯ ಚಿತ್ರಕ್ಕಾಗಿ ಗಾಜನ್ನು ಪೂರ್ತಿ ಇಳಿಸಿ ಭುಜದವರೆಗೆ ಹೊರಗೆ ಚಾಚಿದಾಗ, ಓಡಿಸುತ್ತಿದ್ದ ನಾನು ಅವನಿಗೆ ಅನುಕೂಲವಾಗಲೆಂದು ಗಾಡಿಯನ್ನು ನಿಲ್ಲಿಸಿದೆ. ನಾವೆಲ್ಲ ಆ ಒಂದು ಆನೆಯನ್ನೇ ನೋಡುತ್ತಿದ್ದೆವು. ಅದರ ಹಿಂಡು ಹತ್ತು ಹೆಜ್ಜೆ ದೂರದ ಲಂಟಾನದ ಮರೆಯಲ್ಲಿ, ನಮ್ಮದೇ ಬದಿಯಲ್ಲಿತ್ತು. ಘೀಳು ಕೇಳಿದಾಗ ಗೇರ್ ಹಾಕಲು ನನ್ನ ಕೈ ಏಳಲಿಲ್ಲ. ಆನೆ ಎರಡು ಹೆಜ್ಜೆ ಮುಂದಿಟ್ಟು ನಿಂತದ್ದು ಅದರ ದೊಡ್ಡತನ. ಅಂದಿನಿಂದ ನನ್ನ ಗಾಡಿಯಲ್ಲಿ, ಯಾರು ಏನೇ ಹೇಳಿದರೂ, ಪ್ರಾಣಿ ನೋಡಲು ಚಕ್ರ ನಿಲ್ಲುವುದಿಲ್ಲ.

ಕುಟ್ಟ, ಇರ್ಪು ಮತ್ತು ನಡುಹಗಲು

ನಾಣಚ್ಚಿ ಗೇಟು ದಾಟಿದ ಮೇಲೆ ಮೊದಲ ಬಾರಿಗೆ ಕೆಳಗೆ ಇಳಿಯಬಹುದು. ಕುಟ್ಟದಲ್ಲಿ ತಿಂಡಿ ತಿಂದು, ಕಂಡದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಯಾವ ಪ್ರಾಣಿ, ಎಷ್ಟು, ಎಷ್ಟು ಹೊತ್ತಿಗೆ, ಯಾವ ಬದಿಯಲ್ಲಿ ಎಂಬಷ್ಟು ಸಾಕು. ಇದೇ ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಗಳ ಅಧ್ಯಯನ ನಡೆಸಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸುವ ಕ್ಯಾಮೆರಾ ಟ್ರ್ಯಾಪ್ ವಿಧಾನವನ್ನು ಬೆಳೆಸಿದರು. ವಲಯ ಅರಣ್ಯಾಧಿಕಾರಿಯಾಗಿ ಈ ಕಾಡನ್ನು ಕಳ್ಳಬೇಟೆಯಿಂದ ಕಾಯ್ದ ಕೆ.ಎಂ. ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು. ಬೆಳಿಗ್ಗೆ ನಾವು ಕಂಡ ಜಿಂಕೆ, ಕಾಟಿಗಳು ಇಷ್ಟು ನಿರ್ಭಯವಾಗಿ ಮೇಯುತ್ತಿರುವುದರ ಹಿಂದೆ ಅಂಥವರ ಮತ್ತು ಹೆಸರು ಹೊರಬಾರದ ನೂರಾರು ಕಾವಲುಗಾರರ ದುಡಿಮೆ ಇದೆ.

ಸಫಾರಿ ಇದ್ದು, ಟಿಕೆಟ್ ದೊರೆತಿದ್ದರೆ ಅದನ್ನು ಇಲ್ಲಿ ಸೇರಿಸಿಕೊಳ್ಳಿ. ಮಧ್ಯಾಹ್ನದ ಸಫಾರಿಯಾದರೆ ಮತ್ತಿಗೋಡನ್ನು ಬಿಡಬೇಕಾಗುತ್ತದೆ, ಎರಡಕ್ಕೂ ಹೊತ್ತು ಸಾಲದು.

ನಡುಹಗಲಿನ ಬಿಸಿಲಿನಲ್ಲಿ ಪ್ರಾಣಿಗಳು ನೆರಳು ಸೇರುತ್ತವೆ, ನಾವೂ ಸೇರೋಣ. ಕುಟ್ಟದಿಂದ ಶ್ರೀಮಂಗಲದ ಕಡೆ ಹೋಗುವಾಗ ಬ್ರಹ್ಮಗಿರಿಯ ತಪ್ಪಲಿನಲ್ಲಿ ಇರ್ಪು ಜಲಪಾತವಿದೆ. ಇಲ್ಲಿ ಹರಿಯುವುದು ಲಕ್ಷ್ಮಣತೀರ್ಥ, ಬೆಳಿಗ್ಗೆ ಹುಣಸೂರಿನಲ್ಲಿ ಸೇತುವೆಯ ಮೇಲೆ ದಾಟಿಬಂದ ಅದೇ ನದಿ, ಮುಂದೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವಂಥದ್ದು. ಬುತ್ತಿ ಬಿಚ್ಚಲು ವಾಹನ ನಿಲ್ದಾಣದ ಬಳಿಯ ನೆರಳೇ ಸಾಕು. ಮಳೆಗಾಲದಲ್ಲಿ ಜಿಗಣೆಗಳಿರುತ್ತವೆ, ಬಂಡೆಗಳು ಜಾರುತ್ತವೆ, ನೀರಿಗೆ ಇಳಿಯುವ ಸಾಹಸ ಬೇಡ. ಊಟವಾದ ಮೇಲೆ ಬೆಳಿಗ್ಗೆ ಗಾಡಿ ಓಡಿಸಿದವರು ಅರ್ಧ ಗಂಟೆ ಮಲಗಲಿ.

ಮತ್ತಿಗೋಡು ಮತ್ತು ಸಂಜೆಯ ಕಾಡು

ಪೊನ್ನಂಪೇಟೆ, ಗೋಣಿಕೊಪ್ಪಲು ದಾಟಿ ತಿತಿಮತಿಯ ಕಡೆ ಬರುವ ದಾರಿ ಕಾಫಿ ತೋಟಗಳ ನಡುವೆ ಸಾಗುತ್ತದೆ. ತೋಟಗಳಲ್ಲಿಯೂ ಆನೆಗಳಿರುತ್ತವೆಯಾದ್ದರಿಂದ ಕಾಡು ಮುಗಿಯಿತೆಂದು ಇಲ್ಲಿ ಮೈಮರೆಯಬಾರದು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮತ್ತಿಗೋಡು ಆನೆ ಶಿಬಿರದ ಬಳಿ ಇರುವಂತೆ ನೋಡಿಕೊಳ್ಳಿ, ಅಂದಿನ ಪ್ರವೇಶದ ವೇಳೆಯನ್ನು ತಿತಿಮತಿಯಲ್ಲಿಯೇ ವಿಚಾರಿಸಿ. 2020ರಿಂದ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುತ್ತಿರುವ ಅಭಿಮನ್ಯು ಈ ಶಿಬಿರದವನು. ಸುಮಾರು ಆಗಸ್ಟ್‌ನಿಂದ ವಿಜಯದಶಮಿಯವರೆಗೆ ದಸರೆಯ ಆನೆಗಳು ಮೈಸೂರು ಅರಮನೆಯ ಆವರಣದಲ್ಲಿರುವುದರಿಂದ ಆ ತಿಂಗಳುಗಳಲ್ಲಿ ಇಲ್ಲಿ ಅವನನ್ನು ಹುಡುಕಿ ಪ್ರಯೋಜನವಿಲ್ಲ. ಮಾವುತರು, ಕಾವಾಡಿಗಳು ಹೇಳಿದಷ್ಟೇ ದೂರದಲ್ಲಿ ನಿಲ್ಲಿ. ಪಳಗಿದ ಆನೆಯೂ ಆನೆಯೇ. ಎಂಟು ಬಾರಿ ಅಂಬಾರಿ ಹೊತ್ತ ಬಳ್ಳೆ ಶಿಬಿರದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದೊಂದಿಗೆ ಸೆಣಸಿ ಸತ್ತದ್ದನ್ನು ಮೈಸೂರು ಇನ್ನೂ ಮರೆತಿಲ್ಲ.

ಮತ್ತಿಗೋಡಿನಿಂದ ಆನೆಚೌಕೂರಿನವರೆಗಿನದು ದಿನದ ಎರಡನೆಯ ಕಾಡು. ಈ ರಸ್ತೆಯಲ್ಲಿ ಬಸ್ಸುಗಳೂ ಲಾರಿಗಳೂ ಬೆಳಗಿನ ರಸ್ತೆಗಿಂತ ಹೆಚ್ಚಾಗಿ ಓಡಾಡುವುದರಿಂದ ಎಡಕ್ಕೆ ಸರಿದು, ಹಿಂದಿನವರಿಗೆ ಮುಂದೆ ಹೋಗಲು ದಾರಿಬಿಟ್ಟು, ನಿಮ್ಮ ನಿಧಾನವನ್ನು ಉಳಿಸಿಕೊಳ್ಳಬೇಕು. ಬಿಸಿಲು ಇಳಿಯುವ ಹೊತ್ತಿಗೆ ಆನೆಗಳು ಮತ್ತೆ ರಸ್ತೆ ದಾಟತೊಡಗುತ್ತವೆ, ಓರೆ ಬೆಳಕಿನಲ್ಲಿ ಅವು ಮರದ ನೆರಳಿನಲ್ಲಿ ಕರಗಿಹೋಗಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ದಣಿದ ಕಣ್ಣುಗಳಿಗೆ ಇದು ಬೆಳಗಿನ ಕಾಡಿಗಿಂತ ಕಠಿಣ. ಐದೂವರೆಯೊಳಗೆ ಆನೆಚೌಕೂರು ದಾಟಿ ಪಂಚವಳ್ಳಿಯ ಕಡೆ ಬಂದುಬಿಡಿ, ಕತ್ತಲಾದ ಮೇಲೆ ಈ ದಾರಿಯಲ್ಲಿ ಇರುವುದು ನಿಮಗೂ ಹಿತವಲ್ಲ, ಅವಕ್ಕೂ ಹಿತವಲ್ಲ.

ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿ ಕಂಡಿದ್ದರೆ ಸ್ಥಳವನ್ನು ಗುರುತು ಹಾಕಿಕೊಂಡು ಗೇಟಿನ ಸಿಬ್ಬಂದಿಗೆ ಅಥವಾ 1926ಕ್ಕೆ ತಿಳಿಸಿ. ವೇಗ ತಡೆಯುವ ಉಬ್ಬುಗಳನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸಲು ಇಂತಹ ಮಾಹಿತಿ ಬೇಕಾಗುತ್ತದೆ. ಹುಲಿ ಅಥವಾ ಚಿರತೆಯನ್ನು ಕಂಡಿದ್ದರೆ ಆ ದಿನವೇ ಸ್ಥಳದ ಹೆಸರಿನೊಂದಿಗೆ ಚಿತ್ರವನ್ನು ಹಂಚಬೇಡಿ, ಮರುದಿನ ಬೆಳಿಗ್ಗೆ ಅದೇ ತಿರುವಿನಲ್ಲಿ ಹತ್ತು ಗಾಡಿಗಳು ನಿಂತುಬಿಡುತ್ತವೆ. ವಾರ ಕಳೆದ ಮೇಲೆ, ನಾಗರಹೊಳೆ ಎಂದಷ್ಟೇ ಬರೆದು ಹಂಚಿದರೆ ಸಾಕು. ಹುಣಸೂರಿನಲ್ಲಿ ಮತ್ತೊಮ್ಮೆ ಕಾಫಿಗೆ ನಿಂತಾಗ ಗಾಡಿಯೊಳಗಿನ ಕಸವನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಪುಸ್ತಕದಲ್ಲಿ ಸಂಜೆಯ ಕಾಡಿನ ಸಾಲುಗಳನ್ನೂ ಬರೆದು ಮುಗಿಸಿ. ಎಂಟು ಗಂಟೆಯೊಳಗೆ ಮೈಸೂರಿನಲ್ಲಿರುತ್ತೀರಿ. ಮನೆಯಲ್ಲಿ ಬರೆದುಕೊಟ್ಟು ಬಂದವರಿಗೆ ಹುಣಸೂರಿನಿಂದಲೇ ಒಂದು ಫೋನ್ ಮಾಡಿ ತಿಳಿಸುವುದನ್ನು ಮರೆಯಬೇಡಿ.